ಶೇಖಮ್ಮನ ಕಾಲಿಗೆ ಸರಕಾರ ಕೊಟ್ಟ ಮಾರ್ಕು

ಡಾಕ್ಟರು ನಡೆದು ತೋರಿಸು ಅಂದರು, ಶೇಖಮ್ಮ ನಡೆದು ತೋರಿಸಿದಳು. ಎಡವಟ್ಟಾದದ್ದು ಅಲ್ಲೇ.

ಕೆಂಭಾವಿಯ ಸಂತೆ ಬಯಲಿನ ಅಂಚಿನಲ್ಲಿ ಒಗ್ಗರಣಿ ಮಂಡಕ್ಕಿ, ಮಿರ್ಚಿ ಬಜ್ಜಿಯ ಅಂಗಡಿ ನಡೆಸುತ್ತಿದ್ದವಳು ಈ ಶೇಖಮ್ಮ. ಕೂಸಾಗಿದ್ದಾಗ ಬಂದ ಪೋಲಿಯೋ ಅವಳ ಬಲಗಾಲನ್ನು ಒಣಗಿದ ಜೋಳದ ದಂಟಿನಂತೆ ಮಾಡಿಟ್ಟು ಹೋಗಿತ್ತು. ಮೊಣಕಾಲಿನ ಮೇಲೆ ಅಂಗೈ ಊರಿ ಒತ್ತಿದರೆ ಮಾತ್ರ ಆ ಕಾಲು ಮೈಭಾರ ಹೊರುತ್ತಿತ್ತು. ಕೈ ಬಿಟ್ಟರೆ ಅದು ಯಾವಾಗ ಮಡಚಿಕೊಳ್ಳುತ್ತದೋ ದೇವರಿಗೇ ಗೊತ್ತು. ಆದರೆ ಒಲೆಯ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕೂತಳೆಂದರೆ ಅವಳ ಕಾಲಿನ ಸಂಗತಿ ಯಾರಿಗೂ ಕಾಣುತ್ತಿರಲಿಲ್ಲ, ನಾಲಿಗೆಯ ಸಂಗತಿ ಮಾತ್ರ ಎಲ್ಲರಿಗೂ ಕೇಳುತ್ತಿತ್ತು. ಕಾಲುವೆ ನೀರು ಬಂದು ಸುತ್ತಲಿನ ಹೊಲಗಳೆಲ್ಲ ಭತ್ತದ ಗದ್ದೆಗಳಾದ ಮೇಲೆ ನಾಟಿ ಹಚ್ಚುವವರು, ಟ್ರ್ಯಾಕ್ಟರಿನವರು ಎಲ್ಲ ಬೆಳಿಗ್ಗೆ ಮೊದಲು ಬರುತ್ತಿದ್ದದ್ದು ಅವಳ ಅಂಗಡಿಗೇ. ಮಿರ್ಚಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಅವಳ ಬೈಗುಳ ಕೇಳಿ ನಗುತ್ತಿದ್ದರು.

ಅವಳ ಹತ್ತಿರ ಹಳೆಯದೊಂದು ಅಂಗವಿಕಲ ಪ್ರಮಾಣಪತ್ರವಿತ್ತು. ಅದರ ಮೇಲೆ ಬಸ್ ಪಾಸು ಸಿಕ್ಕಿತ್ತು, ತಿಂಗಳ ವೇತನ ಬರುತ್ತಿತ್ತು. ಊರವರ ಬಾಯಲ್ಲಿ ಅದು ‘ಪಗಾರ’. ಈಗ ಹೊಸ ಕಾರ್ಡು ಮಾಡಿಸಬೇಕು, ಎಲ್ಲರನ್ನೂ ಮತ್ತೆ ಪರೀಕ್ಷೆ ಮಾಡುತ್ತಾರೆ ಅಂತ ಸುದ್ದಿ ಬಂತು. ಯಾದಗಿರಿಯಲ್ಲಿ ಶಿಬಿರ. ಶೇಖಮ್ಮ ಮದುವೆಗೆ ಹೊರಟವಳ ಹಾಗೆ ಇಳಕಲ್ ಸೀರೆ ಉಟ್ಟಳು, ಹೂ ಮುಡಿದಳು, ಬಸ್ಸು ಹತ್ತಿದಳು.

ಶಿಬಿರದ ಕೋಣೆ ಜನರಿಂದ ಗಿಜಿಗುಡುತ್ತಿತ್ತು. ಡಾಕ್ಟರು ಎಳೆಯ ವಯಸ್ಸಿನವರು, ಬೆಳಗಿನಿಂದ ಊಟ ಕಂಡಿರಲಿಲ್ಲ. ಕಾಲು ಮುಟ್ಟಿ ನೋಡಲಿಲ್ಲ. “ನಡೀರಿ ನೋಡೋಣು” ಅಂದರು.

ಈ ಮಾತನ್ನು ಶೇಖಮ್ಮ ಹಿಂದೊಮ್ಮೆ ಕೇಳಿದ್ದಳು. ಅವಳನ್ನು ನೋಡಲು ಬಂದ ಮೊದಲ ಗಂಡಿನ ಕಡೆಯವರು ಹೀಗೇ ಹೇಳಿ, ಅವಳು ಮೊಣಕಾಲಿಗೆ ಕೈ ಊರಿದ್ದನ್ನು ಕಂಡು ಚಹಾ ಕೂಡ ಕುಡಿಯದೆ ಎದ್ದು ಹೋಗಿದ್ದರು. ಅವತ್ತಿನಿಂದ ಅವಳು ಹಿತ್ತಲಲ್ಲಿ ಒಂದು ಹೊಸ ನಡಿಗೆ ಕಲಿತಳು. ಸೊಂಟದಿಂದಲೇ ಕಾಲನ್ನು ಮುಂದೆ ಬೀಸಿ, ಮೊಣಕಾಲನ್ನು ಹಿಂದಕ್ಕೆ ಬಿಗಿದು, ಎರಡೂ ಕೈಯನ್ನು ಸೆರಗಿನಲ್ಲಿಟ್ಟುಕೊಂಡು ನಡೆಯುವ ನಡಿಗೆ. ಸ್ವಲ್ಪ ದೂರಕ್ಕೆ ಸಾಕು, ಆಮೇಲೆ ಸೊಂಟ ಹರಿದು ಬರುತ್ತಿತ್ತು. ಎರಡನೆಯ ಸಲ ನೋಡಲು ಬಂದ ಮಾನಪ್ಪನ ಮನೆಯವರ ಮುಂದೆ ಅದನ್ನೇ ನಡೆದು ಗೆದ್ದಿದ್ದಳು.

ಈಗಲೂ ಅದೇ ನಡಿಗೆ ತಾನಾಗಿ ಬಂತು. ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ಠೀವಿಯಿಂದ ಹೋಗಿ ಬಂದಳು.

“ಭಾಳ ಛಲೋ ನಡೀತೀರಿ,” ಅಂದರು ಡಾಕ್ಟರು.

ಶಹಾಪುರ ದಾಟುವವರೆಗೂ ಶೇಖಮ್ಮನ ಮುಖದ ಮೇಲಿನ ನಗು ಇಳಿಯಲಿಲ್ಲ.

ಕಾರ್ಡು ಬಂದಾಗ ಅದರಲ್ಲಿ ಮೂವತ್ತೈದು ಪರ್ಸೆಂಟ್ ಅಂತಿತ್ತು. ನಲವತ್ತಕ್ಕಿಂತ ಕಡಿಮೆ ಆದರೆ ಪಗಾರ ಇಲ್ಲ. ಗಂಡ ಮಾನಪ್ಪ ಕಾಲುವೆಯ ಗೇಟು ಕಾಯುವ ಮನುಷ್ಯ, ಮಾತು ಕಡಿಮೆ. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಮ್ಯಾಲ ಅರ್ಜಿ ಹಾಕಬಹುದಂತ,” ಅಂದ.

“ಯಾಕ ಹಾಕ್ಲಿ? ನಾ ಕುಂಟಿ ಅಲ್ಲ ಅಂತ ಸರಕಾರನ ಹೇಳ್ಯಾದ. ಇಷ್ಟು ದಿನ ನಮ್ಮವ್ವನೂ ಹೇಳಿದ್ದಿಲ್ಲ!” ಅಂದಳು ಶೇಖಮ್ಮ. ಗಿರಾಕಿಗಳಿಗೂ ಸಾರಿದಳು: “ಯಾದಗಿರಿಗೆ ಹೋಗ್ರಿ. ಔಷಧ ಇಲ್ಲ, ಸೂಜಿ ಇಲ್ಲ, ಬರೇ ಪೆನ್ನಿನಾಗ ಕಾಲು ನೆಟ್ಟಗ ಮಾಡಿ ಕಳಸ್ತಾರ.”

ಆದರೆ ಬಸ್ಸಿನ ಕಂಡಕ್ಟರ್ ಪಾಸು ನಡೆಯುವುದಿಲ್ಲ ಅಂದ ದಿನ ಅವಳು ನಗಲಿಲ್ಲ. ನೆಟ್ಟಗಾದ ಕಾಲು ಬಸ್ಸಿನ ಮೆಟ್ಟಿಲು ಹತ್ತಲು ಮೊದಲಿನಷ್ಟೇ ಹೊತ್ತು ತೆಗೆದುಕೊಂಡಿತ್ತು, ಹಿಂದಿದ್ದವರು ಮೊದಲಿನಷ್ಟೇ ಗೊಣಗಿದ್ದರು.

ಊರು ಸಲಹೆ ಕೊಡಲು ಸಾಲುಗಟ್ಟಿತು. ಎಲ್ಲರಿಗಿಂತ ಮುಂದೆ ಮಲ್ಲಣ್ಣ, ಹರೆಯದಲ್ಲಿ ಊರ ನಾಟಕಗಳಲ್ಲಿ ಖಳನಾಯಕನಾಗಿ ಮೆರೆದವನು. “ತಂಗೀ, ನಿನಗ ಆ್ಯಕ್ಟಿಂಗ್ ಬರಂಗಿಲ್ಲ. ನೋಡಿಲ್ಲಿ,” ಅಂತ ಅಂಗಡಿಯ ಮುಂದೆಯೇ ಕುಂಟಿ ತೋರಿಸಿದ. ನರಳಿದ, ಗೋಡೆಗೆ ಒರಗಿದ, ಕಣ್ಣಲ್ಲಿ ನೀರನ್ನೂ ತಂದ. ಮಿರ್ಚಿ ತಿನ್ನುತ್ತಿದ್ದವರು ಚಪ್ಪಾಳೆ ತಟ್ಟಿದರು.

“ಮಲ್ಲಣ್ಣ, ಹೋಗೂಮುಂದ ಎಡಗಾಲು ಕುಂಟಿದಿ, ಬರೂಮುಂದ ಬಲಗಾಲು,” ಅಂದಳು ಶೇಖಮ್ಮ. “ನಾ ಹಂಗ ಮಾಡಿದ್ರ ಪಗಾರ ಅಲ್ಲ, ಜೈಲು.”

ಅವಳಿಗೆ ಒಳಗೊಳಗೇ ಅಸಹ್ಯ. ಇಡೀ ಜನ್ಮ ಚೆನ್ನಾಗಿ ನಡೆಯುವ ನಾಟಕ ಆಡಿದ್ದಾಯಿತು, ಈಗ ಕೆಟ್ಟದಾಗಿ ನಡೆಯುವ ನಾಟಕ ಬೇರೆ ಆಡಬೇಕೆ?

ಒಂದು ಮಧ್ಯಾಹ್ನ ಕಡಲೆ ಹಿಟ್ಟಿನ ಡಬ್ಬಿ ಹೊತ್ತು ಬರುವಾಗ ಓಣಿಯಲ್ಲಿ ಬಿದ್ದಳು. ಮೇಲಿನ ಗದ್ದೆಗೆ ಕಾಲುವೆ ನೀರು ಬಿಟ್ಟಾಗಲೆಲ್ಲ ಆ ಓಣಿಯ ಕರಿಮಣ್ಣು ಅಂಟಂಟು ಕೆಸರಾಗುತ್ತಿತ್ತು. ಕೆಸರಿಗೆ ಸಿಕ್ಕ ಕಾಲು ಮೇಲೆ ಬರಲಿಲ್ಲ, ಮೊಣಕಾಲು ಮಡಚಿತು. ಎರಡು ಹಂದಿಗಳು ಹಿಟ್ಟಿನ ಕಡೆ ಆಸೆಯಿಂದ ಬಂದವು. ಬಳೆ ಮಾರಿಕೊಂಡು ಬರುತ್ತಿದ್ದ ಗೆಳತಿ ಖಾಸಿಂಬೀ ಬುಟ್ಟಿ ಇಳಿಸಿ ಅವುಗಳನ್ನು ಓಡಿಸಿ, ಶೇಖಮ್ಮನ ರಟ್ಟೆ ಹಿಡಿದು ಎಬ್ಬಿಸಿದಳು.

“ಮೂವತ್ತೈದು ಪರ್ಸೆಂಟಿಗೇ ಇಷ್ಟು ಕೆಸರು ಮೆತ್ತಿಕೊಂಡೀ?” ಅಂದಳು ಖಾಸಿಂಬೀ.

“ನೀ ಒಬ್ಬಾಕಿ ಬಾಕಿ ಇದ್ದಿ, ಆಡಿಕೊ.”

“ಆಡಿಕೊಳ್ಳಾಕತ್ತಿಲ್ಲ. ನೀ ಡಾಕ್ಟರಿಗೆ ಕಾಲು ತೋರಿಸಿಲ್ಲ ಶೇಖವ್ವಾ, ಸೊಕ್ಕು ತೋರಿಸಿ ಬಂದಿ. ಸೊಕ್ಕಿಗೆ ಎಲ್ಲಿ ಪಗಾರ ಕೊಡ್ತಾರ? ಹೋಗು, ದಿನಾ ನಡೆಯೂ ಹಂಗ ನಡದು ಬಾ. ಅಷ್ಟ.”

ಶೇಖಮ್ಮ ಕೆಸರಾದ ಸೀರೆಯಲ್ಲೇ ಮನೆಗೆ ಹೋದವಳೇ ಗಂಡನಿಗೆ, “ಅರ್ಜಿ ಹಾಕಿ ಬರ್ರಿ,” ಅಂದಳು.

ಈ ಸಲ ಯಾದಗಿರಿಯಲ್ಲಿ ಮೂವರು ಡಾಕ್ಟರರ ಮಂಡಳಿ. ನಡುವೆ ಕೂತ ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ, “ಸ್ವಲ್ಪ ನಡೀರಿ ಅಮ್ಮಾ,” ಅಂದರು.

“ಹೆಂಗ ನಡೀಲ್ರಿ? ಹೆಣ್ಣು ನೋಡಾಕ ಬಂದಾಗ ನಡೆಯೂ ಹಂಗೋ, ಹಿಟ್ಟು ತರಾಕ ಹೋಗೂ ಹಂಗೋ?”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಹಿಟ್ಟು ತರಾಕ ಹೋಗೂ ಹಂಗ.”

ಶೇಖಮ್ಮ ಮೊಣಕಾಲಿಗೆ ಕೈ ಊರಿದಳು. ಅಷ್ಟು ಜನರ ಕಣ್ಣೆದುರು ಬಗ್ಗಿ ಬಗ್ಗಿ ನಡೆಯುವಾಗ ಕಿವಿ ಬಿಸಿಯಾದವು. ಗೋಡೆ ಎಲ್ಲೋ ಸುರಪುರದಲ್ಲಿದೆ ಅನ್ನಿಸಿತು. ಆಮೇಲೆ ಮಂಚದ ಮೇಲೆ ಮಲಗಿಸಿ, ಸೀರೆ ಮೊಣಕಾಲಿನ ಮೇಲಕ್ಕೆ ಸರಿಸಿ, ಎರಡೂ ಕಾಲು ಅಳೆದರು. “ನನ್ನ ಕೈಯನ್ನ ಒದೀರಿ,” ಅಂದರು ಡಾಕ್ಟರಮ್ಮ. ಶೇಖಮ್ಮ ಹಲ್ಲು ಕಚ್ಚಿ ಒದ್ದಳು. ಕಾಲು ಅಲುಗಲಿಲ್ಲ. ಇಂಥ ಅವಕಾಶ ಸಿಕ್ಕರೂ ಸರಕಾರಕ್ಕೆ ಒದೆಯಲಾಗಲಿಲ್ಲವಲ್ಲ ಅಂತ ಅವಳಿಗೆ ಬೇಜಾರಾಯಿತು.

“ಮನಿ ಕೆಲಸದಾಗ ಏನೇನು ಆಗಂಗಿಲ್ಲ?”

“ಎಲ್ಲಾ ಆಗ್ತದ್ರಿ,” ಅಂದುಬಿಟ್ಟಳು. ಹಳೆಯ ಚಾಳಿ ಬಾಯಿಗೆ ಬಂದಿತ್ತು.

ಬಾಗಿಲ ಬಳಿ ಟೊಪ್ಪಿಗೆ ಹಿಡಿದು ನಿಂತಿದ್ದ ಮಾನಪ್ಪ ಕೆಮ್ಮಿದ. “ಸುಳ್ಳು ಹೇಳಾಕತ್ತಾಳ್ರಿ. ಕುಕ್ಕರಗಾಲಿಲೆ ಕೂಡ್ರಾಕ ಬರಂಗಿಲ್ಲ. ಹೊರಕಡಿ ಹೋದ್ರ ಜಾಲಿ ಗಿಡ ಹಿಡಕೊಂಡು ಏಳ್ತಾಳ, ಅಂಗೈ ತುಂಬ ಮುಳ್ಳು. ಮಾಳಗಿ ಮೆಟ್ಟಲಾ ಕುಂಡಿ ಊರಿ ಹತ್ತತಾಳ. ಮುಂಜಾನೆ ಎದ್ದಕೂಡ್ಲೆ ನನಗ ಕಾಣಬಾರದಂತ ಗೋಡಿ ಕಡಿ ತಿರುಗಿ ಕಾಲು ತಿಕ್ಕೊಂತ ಕೂಡ್ರತಾಳ.”

ಮಾನಪ್ಪ ಒಂದೇ ಉಸಿರಿನಲ್ಲಿ ಇಷ್ಟು ಮಾತಾಡಿದ್ದನ್ನು ಶೇಖಮ್ಮ ಮದುವೆಯಾದಾಗಿನಿಂದ ಕೇಳಿರಲಿಲ್ಲ. ಅದೂ ಮೂರು ಮಂದಿ ಡಾಕ್ಟರರ ಮುಂದೆ, ‘ಕುಂಡಿ’ ಸಮೇತ. ನಾಚಿಕೆಯೋ ಸಿಟ್ಟೋ ತಿಳಿಯದೆ ಸೀರೆ ಕೆಳಗೆಳೆದುಕೊಂಡು ಕೂತಳು.

ವಾಪಸು ಬರುವ ಬಸ್ಸು ಭೀಮರಾಯನಗುಡಿ ತಲುಪಿದಾಗ ಅವಳಿಗೆ ತಡೆಯಲಾಗಲಿಲ್ಲ. “ನೀವು ಎಲ್ಲಾ ನೋಡಾಕತ್ತಿದ್ರೇನು?”

“ಕಣ್ಣು ಅದಾವಲ್ಲ.”

“ಯಾವಾಗಿಂದ?”

“ಹೆಣ್ಣು ನೋಡಾಕ ಬರೂಕಿಂತ ಮೊದಲ. ಕೆಂಭಾವಿ ಸಂತ್ಯಾಗ ಕಂಡಿದ್ದಿ. ಕೈ ಮೊಣಕಾಲ ಮ್ಯಾಲಿತ್ತು. ಬದನಿಕಾಯಿ ಮಾರಾಂವನ ಜೋಡಿ ಜಗಳಾ ತಗದಿದ್ದಿ.”

“ಮತ್ತ ಆ ದಿನ ನನ್ನ ನಡಿಸಿದ್ರಿ?”

“ನಮ್ಮವ್ವ ನಡಿಸಿದ್ಲು. ನೀ ಹಂಗ ಸೊಂಟ ಬೀಸಿ ನಡದಾಗ ನನಗ ನಗು ತಡಕೊಳ್ಳಾಕ ಆಗಲಿಲ್ಲ.”

ಹಿತ್ತಲಲ್ಲಿ ಅಷ್ಟು ದಿನ ಸೊಂಟ ಮುರಿದುಕೊಂಡದ್ದೆಲ್ಲ ನೀರುಪಾಲು! ಶೇಖಮ್ಮ ಗಂಡನ ತೊಡೆ ಜೋರಾಗಿ ಚಿವುಟಿದಳು. ಆಮೇಲೆ ಊರು ಬರುವವರೆಗೂ ಅವನ ಹೆಗಲಿಗೆ ಒರಗಿ ನಿದ್ದೆ ಹೊಡೆದಳು.

ಹೊಸ ಕಾರ್ಡಿನಲ್ಲಿ ಐವತ್ತೈದು ಪರ್ಸೆಂಟ್ ಬಂತು. ಪಗಾರ ಮತ್ತೆ ಶುರುವಾಯಿತು, ಪಾಸೂ ಸಿಕ್ಕಿತು. ಮಲ್ಲಣ್ಣನಿಗೆ ಮಾತ್ರ ಸಮಾಧಾನವಿಲ್ಲ. “ಎಪ್ಪತ್ತೈದು ದಾಟಿದ್ರ ಪಗಾರ ಇನ್ನೂ ಹೆಚ್ಚು. ಬಿಡಬ್ಯಾಡ ತಂಗೀ, ಕೋರ್ಟಿಗೆ ಹೋಗೂಣು. ನಾ ಸಾಕ್ಷಿ ಹೇಳ್ತೀನಿ.”

ಶೇಖಮ್ಮ ಎರಡು ದಿನ ಯೋಚಿಸಿದಳು. ಖಾಸಿಂಬೀಯನ್ನು ಕೇಳಿದಳು, ಅವಳು ಹೋಗು ಅಂದಳು. ಮಾನಪ್ಪನನ್ನು ಕೇಳಿದಳು, ಅವನು ನಿನ್ನಿಷ್ಟ ಅಂದ. ಕೊನೆಗೆ ಬಾಣಲೆಯಿಂದ ಮಿರ್ಚಿ ಎತ್ತುತ್ತ ಮಲ್ಲಣ್ಣನಿಗೆ ಹೇಳಿದಳು: “ಬ್ಯಾಡ ಅಣ್ಣಾ. ನಾ ಅರ್ಧಕ್ಕಿಂತ ಚೂರು ಹೆಚ್ಚು ಕುಂಟಿ, ಬರೋಬರಿ ಅದ. ಉಳದದ್ದು ನನಗ ಅಂಗಡಿ ನಡಸಾಕ ಬೇಕಾಗ್ಯದ. ಮತ್ತ ನೀ ಸಾಕ್ಷಿ ಹೇಳಿದ್ರ ಇದ್ದ ಐವತ್ತೈದೂ ಹೋಗ್ತದ.”

ಆ ವಾರ ಮಾನಪ್ಪ ಶಹಾಪುರದಿಂದ ರಬ್ಬರಿನ ತುದಿಯ ಕೋಲೊಂದನ್ನು ತಂದು ಅಂಗಡಿಯ ಮೂಲೆಯಲ್ಲಿ ಒರಗಿಸಿಟ್ಟ. ಶೇಖಮ್ಮ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮೂರನೆಯ ದಿನ ಮೆಣಸಿನಕಾಯಿಗೆ ಬಾಯಿ ಹಾಕಿದ ಆಡೊಂದಕ್ಕೆ ಅದರಿಂದಲೇ ಬಾರಿಸಿದಳು. ಬಾರಿಸಿ, ಆಡು ಓಡಿದ ಮೇಲೆ, ಕೋಲನ್ನು ಹಾಗೇ ಊರಿಕೊಂಡು ಓಣಿಯ ಕೆಸರು ದಾಟಿ ಹಿಟ್ಟು ತರಲು ಹೋದಳು.