ಬುಧವಾರದವರು

ನಮ್ಮ ಯಜಮಾನರ ಕ್ಷೌರದಂಗಡಿಗೆ ಬುಧವಾರ ರಜೆ. ಇಪ್ಪತ್ತೆರಡು ವರ್ಷದಲ್ಲಿ ಆ ರಜೆಯನ್ನು ಅವರು ನನಗಾಗಲಿ ಮಕ್ಕಳಿಗಾಗಲಿ ಕೊಟ್ಟವರಲ್ಲ. ಕತ್ತಿ, ಬ್ರಷ್ಷು, ಸೋಪಿನ ಬಟ್ಟಲು ಚೀಲಕ್ಕೆ ಹಾಕಿಕೊಂಡು ಚರ್ಚಿನ ಆಸ್ಪತ್ರೆಗೆ ಹೋಗಿ, ಹಾಸಿಗೆ ಹಿಡಿದವರ ಗಡ್ಡ ತೆಗೆದು ಬರುತ್ತಿದ್ದರು. “ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗ್ಬಾರ್ದು ಕಣೇ” ಎನ್ನುತ್ತಿದ್ದರು. ಎಷ್ಟು ಸಲ ಹೇಳಿದ್ದರೆಂದರೆ, ಎಡಗೈಗೆ ಅದು ಬಾಯಿಪಾಠವಾಗಿತ್ತು.

ಆಸ್ಪತ್ರೆಗೆ ಐವತ್ತು ವರ್ಷ ತುಂಬಿದ ಭಾನುವಾರ ಪಾದ್ರಿಗಳು ಚರ್ಚಿನಲ್ಲಿ, ಆಸ್ಪತ್ರೆಗೆ ಸೇವೆ ಮಾಡಿದವರ ಹೆಸರು ಓದಿದರು. ಹೂವು ಜೋಡಿಸಿದವರು, ಪರದೆ ಹೊಲಿದವರು, ಒಂದೇ ಒಂದು ದಿನ ಕಾರು ಕೊಟ್ಟವರು, ಎಲ್ಲರ ಹೆಸರೂ ಬಂತು. ಇವರದು ಮಾತ್ರ ಇಲ್ಲ. ಮನೆಗೆ ಬರುವಾಗ ನಾನು ತುಟಿ ಪಿಟಕ್ಕೆನ್ನಲಿಲ್ಲ. “ನಾನೇನು ಹೆಸರಿಗೋಸ್ಕರ ಮಾಡ್ತೀನಾ?” ಎಂದು ತಾವೇ ಶುರು ಮಾಡಿದರು. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿಕೊಂಡರು.

ಆ ಬುಧವಾರ ಸೊಂಟ ನೋವೆಂದು ಮಲಗಿದರು. ಮರುವಾರವೂ ಚೀಲ ಗೂಟದಲ್ಲೇ ಇತ್ತು. ಇವರ ನಾಟಕ ನೋಡಿ ನನಗೆ ಮೈಯೆಲ್ಲ ಉರಿಯಿತು. ಆದರೂ ಸುಮ್ಮನಿದ್ದೆ, ಒಳಗೊಳಗೆ ನನಗೂ ಆ ಹೆಸರು ಬೇಕಾಗಿತ್ತು.

ಶುಕ್ರವಾರ ಊಟಕ್ಕೆ ಕೂತಾಗ ಆಸ್ಪತ್ರೆಯ ನರ್ಸಮ್ಮ ಬಂದರು. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಮುದುಕ ಬಡಗಿ ಇದ್ದರು, ಲಕ್ವ ಹೊಡೆದು ಎರಡೂ ಕೈ ಬಿದ್ದುಹೋಗಿದ್ದವು.

“ಮೊನ್ನೆ ಬುಧವಾರ ಅವ್ರ ಮಗಳು ಬಂದಿದ್ಲು, ಏಳು ವರ್ಷದ ಮೇಲೆ. ಅವಳು ಬರೋಕೆ ಮುಂಚೆ ನಾನೇ ಗಡ್ಡ ತೆಗೀತೀನಿ ಅಂದ್ರೂ ಕೇಳ್ಲಿಲ್ಲ. ನೀವು ಬಂದೇ ಬರ್ತೀರ ಅಂತ ಕಾದ್ರು. ಮಗಳು ಬಂದಾಗ, ಈ ಮುಖ ಅವಳು ನೋಡ್ಬಾರ್ದು, ಮೇಲೆ ಹೊದಿಕೆ ಎಳೀರಿ ಅಂತ ಹಠ. ಪಾಪ, ಹುಡುಗಿ ಹೊದಿಕೆ ಜೊತೆ ಮಾತಾಡಿ ಹೋದ್ಲು.”

ಇವರು ತಟ್ಟೆ ಬಿಟ್ಟು ಎದ್ದು, ಗೂಟದಲ್ಲಿದ್ದ ಚೀಲ ತೆಗೆದುಕೊಂಡು ಆಸ್ಪತ್ರೆಗೆ ಹೊರಟರು. ನಾನೂ ಹಿಂದೆಯೇ ಹೋದೆ.

“ಬಂದ್ರಾ? ಹುಷಾರಾದ್ರಾ?” ಎಂದರು ಬಡಗಿ. “ನಿಮಗೇನೋ ಆಗಿದೆ ಅಂತ ದಿನಾ ಪ್ರಾರ್ಥನೆ ಮಾಡ್ದೆ.”

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಹಾಗೇ ಅನ್ನಲಿ ಎಂದು ನಾನೂ ಬಯಸಿದೆ. ಇವರು ಬ್ರಷ್ಷು ಕೆಳಗಿಟ್ಟರು.

“ನನಗೇನೂ ಆಗಿರ್ಲಿಲ್ಲ. ಚರ್ಚಲ್ಲಿ ನನ್ನ ಹೆಸರು ಓದ್ಲಿಲ್ಲ ಅಂತ ಮುನಿಸ್ಕೊಂಡಿದ್ದೆ.”

ಬಡಗಿ ದಿಂಬಿನ ಮೇಲೆ ಮುಖ ಇವರ ಕಡೆ ತಿರುಗಿಸಿದರು.

“ಹೆಸರು ನನಗೂ ಗೊತ್ತಿಲ್ವಲ್ಲ. ಬುಧವಾರದವ್ರನ್ನ ಕಾಪಾಡು ಸ್ವಾಮಿ ಅಂತಲೇ ಕೇಳ್ಕೊಂಡಿದ್ದು.”

“ಮಗಳು ಮತ್ತೆ ಯಾವಾಗ ಬರ್ತಾಳೆ?” ಎಂದು ಇವರು ಕೇಳಿದರು.

“ಹೇಳ್ಲಿಲ್ಲ” ಎಂದು ಬಡಗಿ ಗದ್ದ ಎತ್ತಿಕೊಟ್ಟರು.

ಇವರು ಬ್ರಷ್ಷು ಮತ್ತೆ ಕೈಗೆತ್ತಿಕೊಂಡರು. ಸೋಪಿನ ಬಟ್ಟಲನ್ನು ನಾನು ಹಿಡಿದುಕೊಂಡೆ.