ಗಿಟಾರಿನ ಮೇಲೆ ನನ್ನ ಬಲಗೈ

ಇದನ್ನು ಬಲಗೈಯಿಂದಲೇ ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು, ಅಕ್ಷರ ಸೊಟ್ಟ ಬಿದ್ದರೆ ಬೀಳಲಿ. ಯಾರಿಗಾದರೂ ಹೇಳದೇ ಇದ್ದರೆ ನನಗೆ ಊಟ ಸೇರುವಂತಿಲ್ಲ.

ಹೋದ ಚಳಿಗಾಲದಲ್ಲಿ ಲಕ್ವಾ ಸ್ವಲ್ಪ ಹೊಡೆದು ಹೋಯಿತು. ಮಾತು ಬಂತು, ನಡಿಗೆ ಬಂತು. ಬಲಗೈಯೂ ಆಡತೊಡಗಿತು, ಆದರೆ ಅದಕ್ಕೆ ಏನು ಮುಟ್ಟಿದರೂ ತಿಳಿಯುತ್ತಿರಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿದೆ, ಬೊಬ್ಬೆ ಎದ್ದಮೇಲೆ ಕಣ್ಣಿಂದ ನೋಡಿ ಸುಟ್ಟಿದ್ದು ಗೊತ್ತಾಯಿತು. ಮಗಳು ಒಲೆಯ ಹತ್ತಿರ ಬಿಡಲಿಲ್ಲ. ತಿಳಿವು ತಿರುಗಿ ಬಂದರೂ ಬಂದೀತು, ಬರದಿದ್ದರೆ ಇಲ್ಲ, ಕೈ ಕೆಲಸ ಮಾತ್ರ ಬಿಡಬೇಡಿ ಅಂದರು ಡಾಕ್ಟರು.

ನನಗೆ ಅಳುವೂ ಬರಲಿಲ್ಲ. ವಿಮಾನ ನಿಲ್ದಾಣದ ಮಗ್ಗುಲಿನ ವಿಮಾನ ನಗರದಲ್ಲಿ, ನಮ್ಮ ಮನೆಯ ಗಾಜು ಹಾಕಿದ ಗ್ಯಾಲರಿಯಲ್ಲಿ ಕೂಡುತ್ತಿದ್ದೆ. ವಿಮಾನ ಇಳಿಯುವಾಗ ಕಿಟಕಿಯ ಗಾಜು ನಡುಗುತ್ತದೆ. ಅದರ ಮೇಲೆ ಬಲಗೈ ಇಡುತ್ತಿದ್ದೆ. ಗಾಜು ನಡುಗುವುದು ಕಾಣುತ್ತಿತ್ತು, ಕೈಗೆ ಸುದ್ದಿಯೇ ಇಲ್ಲ. ಚಹಾ ಕೊಟ್ಟರೆ ಕುಡಿದೆ, ಮಲಗು ಅಂದರೆ ಮಲಗಿದೆ. ಮನಸ್ಸೂ ಕೈಯ ಹಾಗೇ ಆಗಿತ್ತು.

ಆಗ ಮೊಮ್ಮಗಳು ಹಳೆ ಸಾಮಾನು ಮಾರುವ ಜೂನಾ ಬಜಾರದಿಂದ ಒಂದು ಗಿಟಾರು ಹೊತ್ತು ತಂದಳು. ಕೆಂಪು ಬಣ್ಣ ಸುಲಿದಿತ್ತು, ತಂತಿಗೆ ಜಂಗು ಹಿಡಿದಿತ್ತು. ನಮ್ಮ ಮನೆಯವರು ತಿರುಗಿಸಿ ಮುರುಗಿಸಿ ನೋಡಿದರು.

"ಅಲ್ಲವ್ವಾ, ಇದಕ್ಕ ಹೊಟ್ಟೀನ ಇಲ್ಲ. ಆವಾಜ ಎಲ್ಲಿಂದ ಬರ್ತದ?"

"ಅಜ್ಜಾ, ಇದು ಕರೆಂಟಿಂದು. ಹೊಟ್ಟಿ ಈ ಸ್ಪೀಕರ್ ಡಬ್ಬಿಯೊಳಗ ಅದ."

"ಹೊಟ್ಟಿ ಒಂದ್ಕಡೆ, ಬಾಯಿ ಒಂದ್ಕಡೆ. ಛಲೋ ಸಂಸಾರ!"

"ಅಜ್ಜಿ, ನಿನ್ನ ಕೈ ಬೇಕು ನನಗ," ಅಂದಳು ಹುಡುಗಿ, ಪಾಲಿಶ್ ಕಾಗದ ನನ್ನ ಮುಂದೆ ಇಡುತ್ತ. ದಿನಾ ಮಧ್ಯಾಹ್ನ ಗಿಟಾರಿನ ಕಟ್ಟಿಗೆ ತಿಕ್ಕುತ್ತ ಕೂತೆ. ಬಲಗೈಯಿಂದ ತಿಕ್ಕುವುದು, ನುಣ್ಣಗಾಯಿತೋ ಇಲ್ಲವೋ ಅಂತ ಎಡಗೈಯಿಂದ ಕೇಳುವುದು.

ಮುಂದೆ ಒಂದು ದಿನ ಗಿಟಾರಿನಿಂದ ಬಿಚ್ಚಿದ ಲೋಹದ ಸಾಮಾನೆಲ್ಲ ತಾಟಿನಲ್ಲಿ ಹಾಕಿ, ಒರಸಿ ಇಡು ಅಂದು ಕಾಲೇಜಿಗೆ ಹೋದಳು. ಅವತ್ತು ದೇವರ ಸಾಮಾನು ಬೆಳಗುವ ದಿನ. ಹುಣಸೆಹಣ್ಣು ಹೇಗೂ ನೆನೆಹಾಕಿದ್ದೆ. ಸಮೆ ದೀಪ, ಗಂಟೆಯ ಜೊತೆ ಇವನ್ನೂ ಅದರಲ್ಲಿ ಮುಳುಗಿಸಿ, ಉಪ್ಪು ಹಚ್ಚಿ ತಿಕ್ಕಿ, ತೊಳೆದು ಬಿಸಿಲಿಗೆ ಇಟ್ಟೆ. ಫಳಫಳ!

ಹುಡುಗಿ ಬಂದು ನೋಡಿ ಹಣೆ ಹಿಡಿದುಕೊಂಡಳು. "ಅರೇ ದೇವಾ! ಆವಾಜ ಹೆಚ್ಚುಕಡಿಮಿ ಮಾಡೋದನ್ನೂ ತೊಳದೀ? ಅದರೊಳಗ ನೀರು ಹೋದ್ರ ಮುಗೀತು, ಅಜ್ಜಿ!"

"ಕುಂಕುಮ ಒಂದು ಹಚ್ಚಲಿಲ್ಲ ನೋಡು ನಿಮ್ಮಜ್ಜಿ," ಅಂದರು ಇವರು.

ಹುಡುಗಿ ನಕ್ಕಳು, ನಾನು ನಗಲಿಲ್ಲ. ಈ ಕೈಗೆ ಇನ್ನು ಯಾವ ಕೆಲಸವೂ ಬೇಡ ಅಂತ ಗ್ಯಾಲರಿಗೆ ಹೋಗಿ ಕೂತೆ.

ಅವಳು ಹೊಸ ಬಿಡಿಭಾಗ ತಂದು ಬೆಸುಗೆ ಹಾಕಿದಳು. ನಿನ್ನೆ, ರವಿವಾರ ಮುಂಜಾನೆ, ಹೊಸ ತಂತಿ ಬಿಗಿದು ಡಬ್ಬಿಗೆ ಜೋಡಿಸಿದಳು. ಗುಂಯ್ಯ್ ಅಂತ ಹಠಕ್ಕೆ ಬಿದ್ದ ಸೊಳ್ಳೆಯ ಹಾಗೆ ಒಂದೇ ಸದ್ದು.

"ಅಜ್ಜಿ, ಬಾ ಇಲ್ಲೆ. ತಂತಿ ಮ್ಯಾಲೆ ಕೈ ಇಡು. ಆ ಕೈ ಅಲ್ಲ, ಬಲಗೈ."

ಇಟ್ಟೆ. ಸದ್ದು ಅಡಗಿತು. ತೆಗೆದೆ, ಗುಂಯ್ಯ್. ಮತ್ತೆ ಇಟ್ಟೆ, ಸುಮ್ಮನಾಯಿತು.

"ನೋಡಿದಿ? ನಿನ್ನ ಕೈ ಮುಟ್ಟಿದ್ದು ಇದಕ್ಕ ಗೊತ್ತಾಗ್ತದ."

"ಹಂಗಾರ ನನ್ನ ಗೊರಕಿ ಯಾಕ ನಿಲ್ಲಂಗಿಲ್ಲ ಇಕಿ ಕೈ ಇಟ್ರ?" ಅಂದರು ಇವರು.

ನಾನು ಕೈಯನ್ನು ಕೆಳಗೆ ಸರಿಸಿ, ನಾನೇ ತಿಕ್ಕಿದ ಕಟ್ಟಿಗೆಯ ಮೇಲೆ ಇಟ್ಟೆ. ಅವಳು ಎಲ್ಲಕ್ಕೂ ದಪ್ಪ ತಂತಿ ಮೀಟಿದಳು. ಕಿರುಬೆರಳಿನ ಅಂಚಿಗೆ ಇರುವೆ ಹರಿದ ಹಾಗಾಯಿತು.

"ಇನ್ನೊಮ್ಮೆ ಬಾರ್ಸು."

ಮತ್ತೆ ಇರುವೆ. ಕಿವಿಗೆ ಕೇಳಿದ್ದನ್ನೇ ಬೆರಳಿಗೆ ತಿಳಿಯಿತು ಅಂದುಕೊಂಡೆನೋ ಏನೋ ಅಂತ ಅಂಜಿಕೆ. "ಆ ಡಬ್ಬಿ ಬಂದ್ ಮಾಡು. ರೀ, ನನ್ನ ಕಿವಿ ಮುಚ್ಚರಿ," ಅಂದೆ. ಇವರು ಹಿಂದೆ ನಿಂತು ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿದರು. ನಾನು ಕಣ್ಣು ಮುಚ್ಚಿದೆ. ಏನೂ ಇಲ್ಲ. ಇನ್ನೂ ಏನೂ ಇಲ್ಲ. ಆಮೇಲೆ ಬಂತು.

"ಈಗ! ಈಗ ಬಾರಿಸಿದಿ!"

ಕಣ್ಣು ತೆರೆದರೆ ಹುಡುಗಿ ಗಿಟಾರು ನೆಲಕ್ಕಿಟ್ಟು ನನ್ನ ಮೇಲೆ ಬಿದ್ದು ತಬ್ಬಿಕೊಂಡಳು. ಇವರು ಕಿವಿಯಿಂದ ಕೈ ತೆಗೆಯುವುದನ್ನೇ ಮರೆತಿದ್ದರು. ಏನೋ ಹೇಳುತ್ತಿದ್ದರು, ನನಗೆ ಕೇಳಲಿಲ್ಲ. ತಲೆಯ ಮೇಲೆ ಹನಿ ಬಿತ್ತು, ಅದು ತಿಳಿಯಿತು.

ಅಂಗೈ ಇನ್ನೂ ಸತ್ತ ಹಾಗೇ ಇದೆ. ಬಂದದ್ದು ಕಿರುಬೆರಳಿನ ಒಂದು ಅಂಚು, ಅಷ್ಟೇ. ಅಷ್ಟಕ್ಕೇ ಇವತ್ತು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಈ ಊರಿನ ಮರಾಠಿಯಲ್ಲಿ ಹೇಳಿದ್ದೇನೆ, ಹಾಲಿನವನಿಗೂ ಹೇಳಿದ್ದೇನೆ. ಬರೆಯುವುದು ನಿಲ್ಲಿಸಿ ನಿಲ್ಲಿಸಿ ಗ್ಯಾಲರಿಗೆ ಹೋಗಿ ಗಾಜಿಗೆ ಕಿರುಬೆರಳು ಹಚ್ಚಿ ನಿಲ್ಲುತ್ತಿದ್ದೇನೆ. ಈಗೊಂದು ವಿಮಾನ ಇಳಿಯುತ್ತಿದೆ, ಹೋಗಬೇಕು.