ದೊಡ್ಡಮ್ಮನ ಕೈಯ ಹಕ್ಕಿಗಳು

ಹೋದ ತಿಂಗಳು ವಿಜಯನಗರದ ಸೀರೆ ಅಂಗಡಿಯೊಂದರಲ್ಲಿ ಕೂತಿದ್ದೆ. ಅಂಗಡಿಯ ಹುಡುಗಿ ರಟ್ಟಿನ ಡಬ್ಬಿ ತೆರೆದು, ಸೀರೆಯ ಮೇಲೆ ಹೊದಿಸಿದ್ದ ತೆಳ್ಳನೆಯ ಬಟರ್ ಪೇಪರನ್ನು ಮೂಲೆಯಲ್ಲಿ ಹಿಡಿದು ನಿಧಾನಕ್ಕೆ ಎತ್ತಿದಳು. ಒಣಗಿದ ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ ಸಣ್ಣಗೆ ಸದ್ದಾಯಿತು. ಸೀರೆಯ ಬಣ್ಣ ಯಾವುದೆಂದು ಕೇಳಿದರೆ ಈಗ ಹೇಳಲಾರೆ. ಆ ಸದ್ದು ಕಿವಿಗೆ ಬಿದ್ದಿದ್ದೇ ತಡ, ನಾನು ನಾಗರಬಾವಿಯ ಹಳೇ ಮನೆಯ ನಡುಮನೆಯಲ್ಲಿದ್ದೆ. ಚಾಪೆಯ ಮೇಲೆ ದೊಡ್ಡಪ್ಪ, ದೊಡ್ಡಮ್ಮ, ಅವರಿಬ್ಬರ ನಡುವೆ ಎರಡು ಜಡೆಯ ನಾನು. ಮುಂದೆ ಹಸಿರು ಬಣ್ಣದ ಟ್ರಂಕು, ಅದರೊಳಗಿನ ಒಣ ಬೇವಿನೆಲೆಯ ಕಹಿ ವಾಸನೆ, ಹಳೇ ಕಾಗದದ ವಾಸನೆ. ನಿಮಗೂ ಇಂಥದ್ದೊಂದು ಮನೆ ಇದ್ದಿರಬಹುದು. ಈಗ ಅಲ್ಲಿಗೆ ಹೋದರೆ ಸಿಗದ ಮನೆ.

ದೊಡ್ಡಪ್ಪ ಅಂದರೆ ನಮ್ಮಪ್ಪನ ಅಣ್ಣ. ಚಿಕ್ಕವರಿದ್ದಾಗ ಅವರ ಕೆಲಸ ಹಕ್ಕಿ ಓಡಿಸುವುದು. ಜೋಳದ ತೆನೆ ಹಾಲು ತುಂಬಿತೆಂದರೆ ಹೊಲದ ಅಟ್ಟಣೆ ಹತ್ತಿ, ಕವಣೆ ಬೀಸುತ್ತ, ಗಂಟಲು ಕಟ್ಟುವ ತನಕ ಕೂಗುತ್ತ ನಿಲ್ಲಬೇಕಿತ್ತಂತೆ. ಆಮೇಲೆ ಹೊಲಗಳೆಲ್ಲ ಲೇಔಟಿಗೆ ಹೋದವು. ಊರಿನ ಬೀದಿ, ನಮ್ಮ ಹೆಂಚಿನ ಮನೆ, ಹಿತ್ತಿಲಿನ ಒಂದು ಹೊಂಗೆ ಮರ ಉಳಿದವು. ದೊಡ್ಡಪ್ಪ ಜ್ಞಾನಭಾರತಿಯಲ್ಲಿ ಲೈಬ್ರರಿ ಅಟೆಂಡರ್ ಆಗಿ ಸೇರಿದರು. ನನ್ನ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರಿಂದ ಶಾಲೆ ಬಿಟ್ಟ ಮೇಲೆ ನಾನು ಅವರ ಮನೆಯಲ್ಲೇ ಇರುತ್ತಿದ್ದೆ. ಭಾನುವಾರವಂತೂ ಯಾರು ಕರೆದರೂ ಅಲ್ಲಿಂದ ಕದಲುತ್ತಿರಲಿಲ್ಲ.

ದೊಡ್ಡಮ್ಮನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಮಾತೂ ಬಂದಿರಲಿಲ್ಲ. ಅವಳನ್ನು ಯಾರೂ ಶಾಲೆಗೆ ಕಳಿಸಿರಲಿಲ್ಲ. ಮದುವೆಯಾಗಿ ಹತ್ತು ವರ್ಷವಾದರೂ ಗಂಡ ಹೆಂಡತಿಯ ನಡುವೆ ಇದ್ದದ್ದು ಅನ್ನ, ನೀರು, ಬಾ, ಹೋಗು, ನೋವು, ಸಾಕು ಅನ್ನುವಷ್ಟೇ ಸನ್ನೆ. ಮಕ್ಕಳಾಗಲಿಲ್ಲ. ಸಂಜೆ ಒಬ್ಬರು ಜಗಲಿಯಲ್ಲಿ, ಒಬ್ಬರು ಒಲೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದರಂತೆ. ಒಂದು ದಿನ, ಕ್ವಾರ್ಟರ್ಸ್ ಖಾಲಿ ಮಾಡುತ್ತಿದ್ದ ಮೇಷ್ಟರೊಬ್ಬರು ಬೆನ್ನು ಮುರಿದ ಹಳೇ ಪುಸ್ತಕವೊಂದನ್ನು ದೊಡ್ಡಪ್ಪನ ಕೈಗಿಟ್ಟರು. ಅದರಲ್ಲಿ ಇಂಗ್ಲಿಷರ ಕಾಲದಲ್ಲಿ ಕಲ್ಲಚ್ಚಿನಲ್ಲಿ ಅಚ್ಚು ಹಾಕಿ, ಆಮೇಲೆ ಕೈಯಿಂದ ಬಣ್ಣ ತುಂಬಿದ ಹಕ್ಕಿಗಳ ಚಿತ್ರಗಳಿದ್ದವು. ಚಿತ್ರಕ್ಕೊಂದು ಬಟರ್ ಪೇಪರಿನ ಮುಸುಕು. ಮನೆಗೆ ತಂದು ಚಂದ್ರಮುಕುಟದ ಚಿತ್ರ ತೆರೆದಾಗ ದೊಡ್ಡಮ್ಮ ಬಗ್ಗಿ ನೋಡಿದಳು. ಹಿಟ್ಟು ಮೆತ್ತಿದ ಕೈ ಹಣೆಯ ಮೇಲಿಟ್ಟುಕೊಂಡು, ಐದೂ ಬೆರಳು ಬಿಡಿಸಿ, ಮಡಚಿ, ಮತ್ತೆ ಬಿಡಿಸಿದಳು. ಹಕ್ಕಿ ನೆಲಕ್ಕೆ ಇಳಿದಾಗ ಜುಟ್ಟು ತೆರೆದು ಮುಚ್ಚುವ ರೀತಿ ಅದು. ಅಟ್ಟಣೆಯ ಮೇಲೆ ಅಷ್ಟು ವರ್ಷ ನಿಂತ ದೊಡ್ಡಪ್ಪನಿಗೆ ತಕ್ಷಣ ಗುರುತು ಸಿಕ್ಕಿತು. ಅವರೂ ಹಣೆಗೆ ಕೈಯಿಟ್ಟು ಹಾಗೇ ಮಾಡಿದರು. ಆವತ್ತು ಒಲೆಯ ಮೇಲಿದ್ದ ಸಾರು ತಳ ಹಿಡಿಯಿತಂತೆ. ಈ ಕತೆ ಹೇಳುವಾಗಲೆಲ್ಲ ದೊಡ್ಡಪ್ಪ ಮುಖ ತಿರುಗಿಸಿಕೊಂಡು ನಗುತ್ತಿದ್ದರು.

ಅಲ್ಲಿಂದ ಶುರುವಾಯಿತು ಸಂಗ್ರಹ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ, ಹಳೇ ಪೇಪರ್ ಅಂಗಡಿಗಳಲ್ಲಿ, ರಾಜಾಜಿನಗರದಲ್ಲಿ ಪಟಗಳಿಗೆ ಕಟ್ಟು ಹಾಕುವವನೊಬ್ಬನ ಗೋಣಿಚೀಲದಲ್ಲಿ ದೊಡ್ಡಪ್ಪ ಹುಡುಕಿದರು. ಬಿಡಿ ಹಾಳೆ, ಅರ್ಧ ಪುಸ್ತಕ, ಶಿಕಾರಿಯವರಿಗೆಂದು ಅಚ್ಚಾದ ಗೌಜಲ, ಬುರ್ಲಿ ಹಕ್ಕಿಗಳ ಪಟ ಎಲ್ಲವೂ ಟ್ರಂಕಿಗೆ ಬಂದವು. ಭಾನುವಾರ ಊಟವಾದ ಮೇಲೆ ಟ್ರಂಕು ತೆರೆಯುವುದು ನಮ್ಮ ಮನೆಯ ಪೂಜೆ. “ಕೈ ತೊಳ್ಕೊಂಡ್ಯಾ? ಒರೆಸ್ಕೊಂಡ್ಯಾ? ತೋರ್ಸು” ಎಂದು ದೊಡ್ಡಪ್ಪ ನನ್ನ ಅಂಗೈ ತಿರುಗಿಸಿ ನೋಡುತ್ತಿದ್ದರು. ಹಾಳೆಯ ಅಂಚು ಮುಟ್ಟಬಹುದು, ಬಣ್ಣ ಮುಟ್ಟುವಂತಿಲ್ಲ. ಅವರು ಮುಸುಕು ಎತ್ತುವರು, ದೊಡ್ಡಮ್ಮ ಕೈಯಲ್ಲಿ ಹೆಸರು ಹೇಳುವಳು. ಮಿಂಚುಳ್ಳಿಗೆ ಬೆರಳುಗಳ ಗೊಂಚಲು ಇನ್ನೊಂದು ಅಂಗೈಗೆ ಧುಮುಕುವುದು. ಮಡಿವಾಳ ಹಕ್ಕಿಗೆ ತೋರುಬೆರಳು ಬಾಲದಂತೆ ನಿಗುರುವುದು. ಗೀಜಗಕ್ಕೆ ಮಣಿಕಟ್ಟಿನಿಂದ ಕೈ ಜೋತು ಬೀಳುವುದು. ಉದ್ದನೆಯ ಬಿಳಿ ಪುಕ್ಕದ ಬಾಲದಂಡೆಗೆ ಮಾತ್ರ ಎದ್ದು ನಿಂತು, ಸೆರಗು ಬಿಟ್ಟು, ಎರಡು ಹೆಜ್ಜೆ ನಡೆಯುತ್ತಿದ್ದಳು. ನಾನು ಅಕ್ಷರ ಕೂಡಿಸಿ ಇಂಗ್ಲಿಷ್ ಹೆಸರು ಓದುತ್ತಿದ್ದೆ, ಅದು ಯಾರಿಗೂ ಬೇಕಾಗಿರಲಿಲ್ಲ. ಒಂದು ಹಕ್ಕಿಯಿಂದ ಅವರಿಬ್ಬರ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಅದು ಕೂತ ಮರ, ಆ ಮರವಿದ್ದ ಬದು, ಬದುವಿನ ಆಚೆ ದೊಡ್ಡಮ್ಮನ ತವರಿನ ದಾರಿ. ಕತ್ತಲಾಗುವವರೆಗೆ ಕೈಗಳು ಆಡುತ್ತಲೇ ಇರುತ್ತಿದ್ದವು.

ನನಗೆ ಹನ್ನೆರಡು ತುಂಬಿದ ವರ್ಷ ದೊಡ್ಡಮ್ಮ ತಪ್ಪು ಹೇಳತೊಡಗಿದಳು. ಮಿಂಚುಳ್ಳಿಗೆ ನೀಲಕಂಠ ಅಂದಳು. ನಾನು ನಕ್ಕು ತಿದ್ದಿದೆ. ಮರುದಿನ ಹಿತ್ತಿಲಿನಲ್ಲಿ ಅವಳು ನನ್ನ ಕೈ ಹಿಡಿದು ಕೂರಿಸಿ, ತನ್ನ ಕಣ್ಣು ತೋರಿಸಿ, ಹೊಗೆ ಆಡಿಸುವಂತೆ ಮುಖದ ಮುಂದೆ ಬೆರಳಾಡಿಸಿದಳು. ಆಮೇಲೆ ಒಳಗಿನ ಟ್ರಂಕಿನ ಕಡೆ ತೋರಿಸಿ ಬೀಗ ತಿರುಗಿಸುವ ಸನ್ನೆ ಮಾಡಿದಳು. ಕೊನೆಗೆ ನನ್ನ ಬಾಯಿಯ ಮೇಲೆ ತನ್ನ ಅಂಗೈ ಇಟ್ಟಳು. ದೊಡ್ಡಪ್ಪನಿಗೆ ಹೇಳಬೇಡ, ಭಾನುವಾರ ನಿಂತುಹೋಗುತ್ತದೆ ಎಂದು ಅರ್ಥವಾಯಿತು. ಅಷ್ಟು ದೊಡ್ಡ ಗುಟ್ಟನ್ನು ನನ್ನನ್ನು ನಂಬಿ ಹೇಳಿದ್ದಳಲ್ಲ, ನನಗೆ ಹೆಮ್ಮೆಯೇ ಆಯಿತು. ಮುಂದಿನ ಭಾನುವಾರದಿಂದ ನಾನು ಅವಳಿಗೆ ಒತ್ತಿಕೊಂಡು ಕೂತು, ಚಿತ್ರ ತೆರೆದ ಕೂಡಲೇ ಅವಳ ತೋಳಿನ ಮೇಲೆ ಸೆರಗಿನ ಮರೆಯಲ್ಲಿ ಹಕ್ಕಿಯ ಸನ್ನೆ ಮಾಡುತ್ತಿದ್ದೆ. ಅವಳು ಅದನ್ನೇ ಎತ್ತಿ ಹೇಳುತ್ತಿದ್ದಳು. ಹೆಚ್ಚು ಕಡಿಮೆ ಒಂದು ವರ್ಷ ಹೀಗೆ ನಡೆಯಿತು.

ಒಂದು ಭಾನುವಾರ ನನಗೆ ಜ್ವರ. ಗೋಡೆಯ ಬದಿಗೆ ಕಂಬಳಿ ಹೊದ್ದು ಮಲಗಿದ್ದೆ, ಕೈಗೆ ದೊಡ್ಡಮ್ಮ ಎಟುಕುತ್ತಿರಲಿಲ್ಲ. ದೊಡ್ಡಪ್ಪ ಹೊಸದಾಗಿ ಸಿಕ್ಕ ಪಟವೊಂದನ್ನು ಅವಳ ಮುಂದಿಟ್ಟು ಮುಸುಕು ಎತ್ತಿ ಪಕ್ಕಕ್ಕಿಟ್ಟರು. ಮುಖದಲ್ಲಿ ಮದುಮಗನ ಸಂಭ್ರಮ. ದೊಡ್ಡಮ್ಮ ಕಾದಳು. ಅವರೂ ಕಾದರು. ಆಮೇಲೆ ಅವಳು ನಸುನಕ್ಕು, ಎರಡು ಬೆರಳು ಮೇಲಕ್ಕೆತ್ತಿ ಸನ್ನೆ ಮಾಡಿದಳು. ಮುಸುಕು ಎತ್ತಿ ಎಂದು. ದೊಡ್ಡಪ್ಪ ಪಕ್ಕದಲ್ಲಿದ್ದ ಮುಸುಕನ್ನು ನೋಡಿದರು, ಚಿತ್ರವನ್ನು ನೋಡಿದರು, ಹೆಂಡತಿಯ ಮುಖ ನೋಡಿದರು. ಅವಳು ಇನ್ನೂ ಬೆರಳು ಎತ್ತಿಕೊಂಡೇ ಇದ್ದಳು.

ಶುಗರ್ ಕಣ್ಣಿಗೆ ಇಳಿದಿತ್ತು. ಅವಳಿಗೆ ಶುಗರ್ ಇದೆಯೆಂದೇ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರು ಒಳ್ಳೆಯವರು, ಬೈಯಲಿಲ್ಲ. “ಒಂದು ವರ್ಷ ಮುಂಚೆ ಬಂದಿದ್ರೆ ಸ್ವಲ್ಪನಾದ್ರೂ ಉಳಿಸಬಹುದಿತ್ತು” ಎಂದರು. ದೊಡ್ಡಪ್ಪನ ಹಿಂದೆ ನಿಂತಿದ್ದ ನನಗೆ ಆ ಒಂದು ವರ್ಷ ಯಾವುದೆಂದು ಗೊತ್ತಿತ್ತು. ಎರಡು ದೀಪಾವಳಿ ಕಳೆಯುವುದರೊಳಗೆ ದೊಡ್ಡಮ್ಮನಿಗೆ ಬೆಳಕೂ ಕಾಣದಾಯಿತು.

ಟ್ರಂಕಿಗೆ ಬೀಗ ಬೀಳಲಿಲ್ಲ. ದೊಡ್ಡಪ್ಪ ಭಾನುವಾರ ಅದನ್ನು ತೆರೆಯುತ್ತಲೇ ಇದ್ದರು. ಅವಳ ಅಂಗೈಯನ್ನು ತಮ್ಮ ಕೈಯಲ್ಲಿ ಹಿಡಿದು, ಅವಳೇ ಕಟ್ಟಿದ ಸನ್ನೆಯನ್ನು ಅವಳ ಬೆರಳುಗಳಿಂದಲೇ ಮಾಡಿಸುವರು. ಆಮೇಲೆ ಆ ಕೈಯನ್ನು ಚಿತ್ರದ ಮೇಲಿಟ್ಟು ಕೊಕ್ಕಿನಿಂದ ಬಾಲದವರೆಗೆ ನಡೆಸುವರು. ನನ್ನ ಕೈ ಒಣಗಿದೆಯೋ ಇಲ್ಲವೋ ಎಂದು ತಿರುಗಿಸಿ ನೋಡುತ್ತಿದ್ದವರು, ಎಣ್ಣೆ ಸವರಿದ ತಲೆ ಮುಟ್ಟಿಕೊಂಡು ಬಂದ ಅವಳ ಬೆರಳನ್ನು ನೂರು ವರ್ಷ ಹಳೆಯ ಬಣ್ಣದ ಮೇಲೆ ಒತ್ತಿ ಎಳೆಯುತ್ತಿದ್ದರು. ನುಣುಪು ಕಾಗದದಲ್ಲಿ ಅವಳಿಗೆ ಏನು ಸಿಗುತ್ತಿತ್ತೋ. ಅವರ ಸಂತೋಷಕ್ಕೆಂದು ತಲೆದೂಗುತ್ತಿದ್ದಳು ಅಂತ ನನ್ನ ಅನುಮಾನ.

ನಾನು ತಪ್ಪೊಪ್ಪಿಕೊಂಡದ್ದು ಡಿಗ್ರಿ ಎರಡನೇ ವರ್ಷದಲ್ಲಿ, ಒಂದು ಸಂಜೆ, ಜಗಲಿಯ ಮೇಲೆ. ಎಲ್ಲವನ್ನೂ ಹೇಳಿದೆ. ಹಿತ್ತಿಲಿನ ಮಾತು, ಸೆರಗಿನ ಮರೆಯ ಸನ್ನೆ, ಎಷ್ಟು ಭಾನುವಾರ ಅನ್ನುವುದು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿ ಎಂದೇ ಹೇಳಿದ್ದೆ.

“ನಿನ್ನತ್ರ ಹೇಳ್ಕೊಂಡ್ಲು,” ಎಂದರು ದೊಡ್ಡಪ್ಪ. “ನನ್ನತ್ರ ಹೇಳ್ಲಿಲ್ಲ.”

ನಿಮ್ಮ ಭಾನುವಾರ ನಿಲ್ಲಬಾರದು ಅಂತ ದೊಡ್ಡಮ್ಮ ಹೇಳಲಿಲ್ಲ ದೊಡ್ಡಪ್ಪ, ಎಂದೆ.

“ಭಾನುವಾರ ಯಾರಿಗೇ ಬೇಕಾಗಿತ್ತು,” ಎಂದು ಎದ್ದರು. ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗದೆ, “ನೀನು ಚಿಕ್ಕೋಳು ಕಣೇ ಆಗ. ಹಚ್ಕೋಬೇಡ ಮನಸ್ಸಿಗೆ” ಎಂದರು. ಒಳಗೆ ಹೋಗಿ ದೊಡ್ಡಮ್ಮನ ಪಕ್ಕ ಕೂತು ಅವಳ ಕೈ ತೆಗೆದುಕೊಂಡರು. ಅವಳು ತಲೆಯೆತ್ತಿ, ಏನು ಎಂಬಂತೆ, ಕಾಣದ ಕಣ್ಣಿನಿಂದ ಅವರ ಕಡೆ ತಿರುಗಿದ್ದಳು.

ಈಗ ಆ ಮನೆ ಇಲ್ಲ. ಅಲ್ಲಿ ನಾಲ್ಕು ಅಂತಸ್ತಿನ ಪಿಜಿ ಎದ್ದಿದೆ, ಹೊಂಗೆ ಮರ ಇದ್ದ ಜಾಗದಲ್ಲಿ ವಿದ್ಯಾರ್ಥಿಗಳ ಸ್ಕೂಟರುಗಳು. ಚಿತ್ರಗಳು ಆರ್‌ಪಿಸಿ ಲೇಔಟಿನ ನನ್ನ ಬಾಡಿಗೆ ಮನೆಯಲ್ಲಿವೆ. ಹಳೇ ಪಟ ಕೊಳ್ಳುವವರೊಬ್ಬರು ಬಂದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಎಲ್ಲ ಕಡೆ ಬಣ್ಣ ಎದ್ದಿದೆ, ಬೆರಳ ಜಿಡ್ಡು ಇಳಿದಿದೆ, ಯಾರು ಹೀಗೆ ಹಾಳು ಮಾಡಿದ್ದು ಎಂದು ಮರುಗಿದರು. ಕಾಫಿ ಕೊಟ್ಟು ಕಳಿಸಿದೆ.

ದೊಡ್ಡಪ್ಪ ಹೋದದ್ದು ಆ ಮನೆ ಇನ್ನೂ ಇದ್ದಾಗ, ಅವರೆಕಾಯಿ ಕಾಲದಲ್ಲಿ. ಬೆಳಿಗ್ಗೆ ಕಾಫಿ ಕುಡಿದು ನಡುಮನೆಯಲ್ಲಿ ಒರಗಿದವರು ಏಳಲಿಲ್ಲ. ನಾನು ಓಡಿಬರುವಷ್ಟರಲ್ಲಿ ಬೀದಿಯವರೆಲ್ಲ ಸೇರಿದ್ದರು. ದೊಡ್ಡಮ್ಮ ಅಡುಗೆಮನೆಯ ಹೊಸ್ತಿಲ ಬಳಿ ಕಾಲು ಚಾಚಿ ಕೂತು, ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ನೆಲದ ಅದುರಿನಲ್ಲೇ ಮನೆಯವರ ಹೆಜ್ಜೆ ಗುರುತಿಸುತ್ತಿದ್ದ ಅವಳಿಗೆ ಇಷ್ಟೊಂದು ಹೆಜ್ಜೆ ಯಾಕೆಂದು ತಿಳಿದಿರಲಿಲ್ಲ. ಹೆಂಗಸರು ಬಂದು ಅವಳ ಹೆಗಲು ಹಿಡಿದು ಅಳುತ್ತಿದ್ದರು, ಅವಳು ಅವರ ಕೆನ್ನೆ ಮುಟ್ಟಿ ನೋಡಿ, ಒದ್ದೆಯಾದ ಬೆರಳನ್ನು ಸೀರೆಗೆ ಒರೆಸಿಕೊಂಡು, ಮತ್ತೆ ಕಾಳಿಗೆ ಕೈ ಹಾಕುತ್ತಿದ್ದಳು.

“ಅತ್ತಿಗೆಗೆ ನೀನೇ ಹೇಳ್ಬೇಕಮ್ಮ,” ಎಂದರು ಅಪ್ಪ. “ನಿನ್ನ ಕೈ ಒಂದೇ ಅವ್ರಿಗೆ ಅರ್ಥ ಆಗೋದು.”

ಅವಳ ಎದುರು ಕೂತು ಕಾಳಿನ ಬೇಸಿನ್ ಪಕ್ಕಕ್ಕಿಟ್ಟೆ. ನನ್ನ ಕೈ ಗುರುತಿಸಿ ಅವಳು ನಕ್ಕಳು, ಊಟವಾಯಿತಾ ಎಂದು ಕೇಳಿದಳು. ಅವಳ ಅಂಗೈ ಹಿಡಿದೆ. ನಮ್ಮ ಮೂವರ ಭಾಷೆಯಲ್ಲಿ ಸಾವಿಗೆ ಸನ್ನೆ ಇರಲಿಲ್ಲ. ಆ ಪಟಗಳಲ್ಲಿ ಒಂದು ಹಕ್ಕಿಯೂ ಸತ್ತಿರಲಿಲ್ಲ. ಎಲ್ಲವೂ ಕೊಂಬೆಯ ಮೇಲೆ ಕಣ್ಣು ತೆರೆದು ಕೂತಿದ್ದವು. ಕೊನೆಗೆ ಅವಳನ್ನು ಎಬ್ಬಿಸಿ, ಜನರ ನಡುವೆ ನಡೆಸಿಕೊಂಡು ಹೋಗಿ, ದೊಡ್ಡಪ್ಪನ ಪಕ್ಕ ಕೂರಿಸಿ, ಅವರ ಎದೆಯ ಮೇಲೆ ಅವಳ ಕೈ ಇಟ್ಟೆ.

ಅವಳು ಬನಿಯನ್ನಿನ ಗುಂಡಿ ಮುಟ್ಟಿದಳು, ಗುರುತು ಸಿಕ್ಕಿತು. ಕೈಯನ್ನು ಅಗಲಿಸಿ ಎದೆಯ ಮೇಲೆ ಹರಡಿ, ತಲೆ ಒಂದು ಬದಿಗೆ ಓರೆ ಮಾಡಿ ಕೂತಳು. ಎದೆ ಏಳಲೆಂದು ಕಾಯುತ್ತಿದ್ದಳು. ಮನೆಯಲ್ಲಿ ಅಳು ನಿಂತು ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು. ಎಷ್ಟು ಹೊತ್ತು ಕಾದಳೋ ಗೊತ್ತಿಲ್ಲ. ಯಾರೂ ಅವಳ ಕೈ ತೆಗೆಯಲು ಹೋಗಲಿಲ್ಲ. ಅವಳೇ ತೆಗೆದಳು.